ಬೀಗ ಹಾಕಿದ ಮನೆಯ ಲೆಕ್ಕ

ಬಾಗಿಲಿಗೆ ಬೀಗ ಇತ್ತು. ಚಿಲಕಕ್ಕೆ ಹಳೇ ಸೀರೆಯ ಅಂಚನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು. ಕಟ್ಟೆಯ ಮೇಲೆ ನಾಯಿಯೊಂದು ಮಲಗಿತ್ತು. ನನ್ನ ಟ್ಯಾಬಿನಲ್ಲಿ ಆ ಮನೆಯ ನಂಬರ್ ತೆರೆದೆ. ಕೆಳಗೆ ನಾಲ್ಕು ಆಯ್ಕೆ ಬಂದವು: ಸಿಕ್ಕರು, ಒಪ್ಪಲಿಲ್ಲ, ಮನೆಗೆ ಬೀಗ, ಊರು ಬಿಟ್ಟಿದ್ದಾರೆ. ಮೂರನೆಯದನ್ನು ಒತ್ತಿದರೆ ಮುಗಿಯಿತು, ಮುಂದಿನ ಮನೆಗೆ ಹೋಗಬಹುದು. ದಿನಕ್ಕೆ ನಾಲ್ಕು ಮನೆ ಮುಗಿಸಬೇಕಿತ್ತು. ಮಧ್ಯಾಹ್ನ ಆಗಿತ್ತು, ನನ್ನದು ಇನ್ನೂ ಒಂದೇ ಆಗಿತ್ತು. ಒತ್ತಿಬಿಟ್ಟೆ.

ಅದು 2023ರ ಡಿಸೆಂಬರ್. ರಾಯಚೂರು ಜಿಲ್ಲೆಯ ಒಂದು ಊರು. ಊರಿನ ಹೆಸರು ಹೇಳುವುದಿಲ್ಲ. ಯಾರ ಹೆಸರೂ ಎಲ್ಲೂ ಬರುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ನಾವು ಮೊದಲ ಪ್ರಶ್ನೆ ಕೇಳುತ್ತಿದ್ದದ್ದು.

ನಾನು ಶಿರಾ ಕಡೆಯವಳು. ಸರ್ವೆ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ಸಂಸ್ಥೆ ಆ ಸುತ್ತಿನ ಊರುಗಳಲ್ಲಿ ಜಮೀನಿಲ್ಲದ ಮನೆಗಳಿಗೆ ಎರಡೆರಡು ಆಡು ಕೊಟ್ಟಿತ್ತು. ಎಲ್ಲರಿಗೂ ಕೊಡುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ 2022ರ ಆರಂಭದಲ್ಲಿ ಗುಡಿಯ ಮುಂದೆ ಎಲ್ಲರ ಎದುರೇ ಚೀಟಿ ಎತ್ತಿದರು. ಹೆಸರು ಬಂದವರಿಗೆ ಆಡು ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ಸುಮಾರು ಎರಡು ವರ್ಷ ಆದ ಮೇಲೆ ಸಿಕ್ಕವರು, ಸಿಗದವರು ಎಲ್ಲರ ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನು ಕೇಳುವುದು ನಮ್ಮ ಕೆಲಸ.

‘ಆಡು ಸಿಗದವರ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗ್ತೀಯಾ?’ ಎಂದು ನನ್ನ ಅಮ್ಮ ಒಮ್ಮೆ ಫೋನಿನಲ್ಲಿ ಕೇಳಿದ್ದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಅವರ ಮನೆಗೆ ಹೋಗದೇ ಇದ್ದರೆ ಆಡಿನಿಂದ ಏನಾಯಿತು ಅಂತ ಗೊತ್ತಾಗುವ ದಾರಿಯೇ ಇಲ್ಲ. ಆ ವರ್ಷ ಏನೇನಾಗಿತ್ತು ನೋಡಿ. ಮಳೆ ಕೈಕೊಟ್ಟಿತ್ತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಅದೇ ವರ್ಷ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತು. ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ 2,000 ಶುರುವಾಯಿತು. ಬರ ಮನೆಯನ್ನು ಕೆಳಗೆ ಎಳೆಯುತ್ತಿತ್ತು, ಇವೆಲ್ಲ ಮೇಲಕ್ಕೆ ಎತ್ತುತ್ತಿದ್ದವು. ಆಡು ಪಡೆದ ಮನೆಯನ್ನು ಮಾತ್ರ ನೋಡಿ ‘ಮೊದಲು ಹಾಗಿತ್ತು, ಈಗ ಹೀಗಿದೆ’ ಎಂದರೆ ಅದರಲ್ಲಿ ಆಡಿನ ಪಾಲು ಎಷ್ಟು, ಮಳೆಯದೆಷ್ಟು, ಸರ್ಕಾರದ ದುಡ್ಡಿನದೆಷ್ಟು? ಪಕ್ಕದ ಮನೆಗೂ ಅದೇ ಬರ, ಅದೇ 2,000, ಅದೇ ಫ್ರೀ ಬಸ್. ಇಲ್ಲದಿರುವುದು ಆಡು ಒಂದೇ. ಯಾರಿಗೆ ಕೊಡಬೇಕು ಎಂದು ಯಾರೂ ಆರಿಸಲಿಲ್ಲ, ಚೀಟಿ ಆರಿಸಿತು. ಅದಕ್ಕೇ ಆ ಮನೆಗಳು ಬೇಕು.

ಇದು ಹೊಸ ವಿಷಯವೇನಲ್ಲ. ಮೆಕ್ಸಿಕೋದಲ್ಲಿ 1997ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಬಡ ತಾಯಂದಿರಿಗೆ ದುಡ್ಡು ಕೊಡುವ ಯೋಜನೆ ಬಂದಾಗ, ಅಳತೆಗೆಂದು 506 ಹಳ್ಳಿ ತೆಗೆದುಕೊಂಡು 320ಕ್ಕೆ ಮೊದಲು ಕೊಟ್ಟರು, ಉಳಿದ 186ಕ್ಕೆ ಆಮೇಲೆ ಕೊಟ್ಟರು. ನಡುವಿನ ಆ ಸಮಯವೇ ತಕ್ಕಡಿ ಆಯಿತು. ‘ಆಮೇಲೆ ಕೊಟ್ಟರು’ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಟ್ರೈನಿಂಗ್‌ನಲ್ಲಿ ನಮಗೆ ಮೇದಕ್ ಜಿಲ್ಲೆಯ ಕತೆ ಹೇಳಿದ್ದರು. ಈಗಿನ ತೆಲಂಗಾಣ, ರಾಯಚೂರಿಗೆ ಬಹಳ ದೂರವೇನಲ್ಲ. ಅಲ್ಲಿ ಕಡುಬಡವರ ಮನೆಗಳಿಗೆ ಜಾನುವಾರು ಕೊಟ್ಟು, ತರಬೇತಿ ಕೊಟ್ಟು, ವಾರ ವಾರ ವಿಚಾರಿಸಿಕೊಂಡರು. ಪಡೆದವರ ಬದುಕು ಸುಧಾರಿಸಿತು. ಆದರೆ ಪಡೆಯದವರದ್ದೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತ್ತು! ಆ ಹೊತ್ತಿಗೆ ಅಲ್ಲಿ ಕೂಲಿ ಏರುತ್ತಿತ್ತು. ಜಾನುವಾರು ಇದ್ದವರು ಅದನ್ನು ನೋಡಿಕೊಳ್ಳಲು ಕೂಲಿ ಬಿಟ್ಟರು. ಇಲ್ಲದವರು ಕೂಲಿಗೆ ಹೋದರು. ಒಂದು ಕೈಗೆ ಬಂದದ್ದು ಇನ್ನೊಂದು ಕೈಯಿಂದ ಹೋಯಿತು. ಜೊನಾಥನ್ ಮೊರ್ಡಕ್, ಶಮಿಕಾ ರವಿ ಮೊದಲಾದ ಅರ್ಥಶಾಸ್ತ್ರಜ್ಞರು ಇದನ್ನು ಬರೆದರು. ಹೆಚ್ಚುಕಡಿಮೆ ಇದೇ ಬಗೆಯ ಯೋಜನೆಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಹೀಗೆ ಆರು ದೇಶಗಳಲ್ಲಿ ಅಳೆದು 2015ರಲ್ಲಿ ವರದಿ ಮಾಡಿದರು. ಅಲ್ಲಿನ ಭಾರತದ ಲೆಕ್ಕ ಪಶ್ಚಿಮ ಬಂಗಾಳದ್ದು, ಅಲ್ಲಿ ಚೆನ್ನಾಗಿಯೇ ಫಲ ಕೊಟ್ಟಿತ್ತು. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು, ಮನೆಗಳಿಗೆ ಆಸ್ತಿ ಅಂತ ಉಳಿಯಲಿಲ್ಲ. ಟ್ರೈನಿಂಗ್‌ನಲ್ಲಿ ಇದನ್ನೆಲ್ಲ ನೋಟ್ಸ್ ಬರೆದುಕೊಂಡಿದ್ದೆ. ಮೇದಕ್ ಕತೆ ಅರ್ಥವಾದದ್ದು ಮಾತ್ರ ಈ ಊರಿನಲ್ಲಿ.

ಆ ದಿನ ಬೆಳಿಗ್ಗೆ ಹೋಗಿದ್ದು ಆಡು ಸಿಕ್ಕಿದ್ದ ಮನೆಗೆ. ಅಕ್ಕ ಅಂಗಳದಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು. ಎರಡು ಆಡು ಐದಾಗಿದ್ದವು, ಒಂದು ತಾಯಿ ಆಡು ಸತ್ತಿತ್ತು, ಒಂದು ಹೋತವನ್ನು ದಸರೆಗೆ ಮಾರಿದ್ದರು. ಮೂರು ಉಳಿದಿದ್ದವು. ಪಕ್ಕೆಲುಬು ಕಾಣುತ್ತಿತ್ತು. ‘ಮೇವಿಲ್ಲ ಬೇ, ಗಿಡದ ತೊಪ್ಪಲ ಕಡಿದು ಹಾಕ್ತೀನಿ’ ಎಂದರು.

ನಮ್ಮ ಪ್ರಶ್ನೆಗಳಲ್ಲಿ ಎಣ್ಣೆ, ತರಕಾರಿ, ಮೊಟ್ಟೆ ಇಂಥವನ್ನು 7 ದಿನದ್ದು ಕೇಳಬೇಕು. ಅಕ್ಕಿ, ಜೋಳ, ಬೇಳೆ 30 ದಿನದ್ದು. ಬಟ್ಟೆ, ಚಪ್ಪಲಿ ಇಡೀ ವರ್ಷದ್ದು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಊಟದ ಖರ್ಚನ್ನು 7 ದಿನದ್ದೂ 30 ದಿನದ್ದೂ ಒಟ್ಟಿಗೇ ಕೇಳಿದರು. ಒಂದಕ್ಕೆ ಹೇಳಿದ ಉತ್ತರ ಇನ್ನೊಂದರೊಳಗೆ ಸೇರಿಕೊಂಡಿತು. ಬಡತನವನ್ನು ಅಳೆಯುತ್ತಿದ್ದದ್ದು ಇಂಥ ಖರ್ಚಿನ ಲೆಕ್ಕದಿಂದಲೇ. ದೇಶದ ಬಡತನ ನಿಜಕ್ಕೂ ಎಷ್ಟು ಇಳಿಯಿತು ಎಂಬ ವಾದ ಅದರಿಂದಾಗಿ ವರ್ಷಗಟ್ಟಲೆ ನಡೆಯಿತು. ಪ್ರಶ್ನೆ ಕೇಳುವ ರೀತಿಯಲ್ಲೇ ಲಕ್ಷಾಂತರ ಜನ ಬಡತನದಿಂದ ಹೊರಗೆ ಬರಬಹುದು, ಒಳಗೂ ಹೋಗಬಹುದು. ಟ್ಯಾಬಿನಲ್ಲಿ ‘ಈರುಳ್ಳಿ’ ಅಂತ ಇರುತ್ತಿತ್ತು, ನಾನು ‘ಉಳ್ಳಾಗಡ್ಡಿ’ ಎಂದು ಓದುತ್ತಿದ್ದೆ. ಎಣ್ಣೆ ಎಷ್ಟು ಲೀಟರ್ ಎಂದು ಕೇಳಿದರೆ ಆ ಅಕ್ಕನಿಗೆ ತಿಳಿಯಲಿಲ್ಲ. ಅವರು ತರುವುದು 10 ರೂಪಾಯಿಯ ಪಾಕೀಟು. ಎಷ್ಟು ಪಾಕೀಟು ಎಂದೆ. ಕೂಡಲೇ ಹೇಳಿದರು, ನಾಲ್ಕು. ಎರಡು ಉದ್ರಿ.

‘ಈ ಸಲ ಗುಳೆ ಹೋಗಲಿಲ್ವಾ?’

‘ಆಡು ಬಿಟ್ಟು ಎಲ್ಲಿಗ ಹೋಗ್ಲಿ? ಮಗ ಆರನೇತ್ತ ಅದಾನ. ಅವನ್ನೂ ಬಿಟ್ಟು ಹೋಗಾಕ ಆಗೂದಿಲ್ಲ.’

ಹತ್ತಿ ಬಿಡಿಸುವ ಕೆಲಸ ಆ ತಿಂಗಳು ಸಿಕ್ಕಿದ್ದು ಆರೇ ದಿನ. ಲೆಕ್ಕ ಹಾಕಿದರೆ ಎರಡು ವರ್ಷದ ಹಿಂದಿಗಿಂತ ಆ ಮನೆಯ ಖರ್ಚು ಕಡಿಮೆಯಾಗಿತ್ತು. ಇದನ್ನು ಕಂಡು ಅಲ್ಲೇ ತೀರ್ಪು ಕೊಟ್ಟರೆ, ಆಡು ಕೊಟ್ಟಿದ್ದು ದಂಡ ಅನ್ನಬೇಕು.

ಅಲ್ಲಿಂದ ನಾಲ್ಕು ಮನೆ ಆಚೆಗೆ ಆ ಬೀಗದ ಮನೆ. ಚೀಟಿಯಲ್ಲಿ ಹೆಸರು ಬರದ ಮನೆ.

ಸಂಜೆ ಸೂಪರ್‌ವೈಸರ್ ನನ್ನ ಫಾರಂಗಳನ್ನು ನೋಡಿ ಕರೆದರು. ಬೈಯಲಿಲ್ಲ. ‘ಈ ಊರಲ್ಲಿ ಬೀಗ ಇರೋ ಮನೆಗಳಲ್ಲಿ ಆಡು ಸಿಕ್ಕವರು ಎಷ್ಟು, ಸಿಗದವರು ಎಷ್ಟು, ಎಣಿಸು’ ಅಂದರು. ಎಣಿಸಿದೆ. ಹೆಚ್ಚಿನವು ಸಿಗದವರ ಮನೆಗಳೇ. ‘ಇವರನ್ನು ಬಿಟ್ಟರೆ ನಮ್ಮ ಕೈಲಿ ಉಳಿಯೋದು ಊರಲ್ಲಿ ಉಳಿಯೋಕೆ ಆದವರ ಲೆಕ್ಕ ಮಾತ್ರ. ಅದು ಲೆಕ್ಕ ಹೇಗಾಗುತ್ತೆ?’ ಎಂದರು. ಮಧ್ಯಾಹ್ನ ಎರಡು ಸೆಕೆಂಡಿನಲ್ಲಿ ಒತ್ತಿದ ಆ ಬಟನ್ ನೆನಪಾಗಿ ಮುಖ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಅದೇ ಕಟ್ಟೆಗೆ ಹೋದೆ. ಪಕ್ಕದ ಮನೆಯ ಅಜ್ಜಿ ನಾಯಿಗೆ ರೊಟ್ಟಿ ಹಾಕುತ್ತಿದ್ದರು. ‘ದೀಪಾವಳಿ ಮುಗದ ಮ್ಯಾಲ ಹೋಗ್ಯಾರ ಯವ್ವಾ. ಬೆಂಗಳೂರಾಗ ದುಡಿಯಾಕ. ನಾಯಿ ನನಗ ಬಿಟ್ಟಾರ.’ ಅಜ್ಜಿಯ ಮೊಮ್ಮಗನ ಫೋನಿನಲ್ಲಿ ನಂಬರ್ ಸಿಕ್ಕಿತು.

ಮುಂದಿನ ಶನಿವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ಬೆಂಗಳೂರಿನಲ್ಲಿ ಇಳಿದೆ. ಹೆಣ್ಣೂರು ಕಡೆ ಅಪಾರ್ಟ್‌ಮೆಂಟ್ ಏಳುತ್ತಿದ್ದ ಜಾಗದ ಹಿಂದೆ ಶೀಟಿನ ಶೆಡ್‌ಗಳ ಸಾಲು. ಭಾನುವಾರ ಬಟವಾಡೆ ದಿನ, ಗಂಡ ಮೇಸ್ತ್ರಿ ಹತ್ತಿರ ಹೋಗಿದ್ದ. ಆ ಅಕ್ಕ ಸಿಮೆಂಟ್ ಚೀಲ ಹಾಸಿ ಕೂರಿಸಿದರು. ನಾನು ಊರಿನಿಂದ ಬಂದವಳು ಅಂತ ಗೊತ್ತಾದ ಕೂಡಲೇ ಮೊದಲು ಕೇಳಿದ್ದು, ‘ನಾಯಿ ಹೆಂಗೈತಿ?’

ಗಂಡನಿಗೆ ದಿನಕ್ಕೆ 700, ಇವರಿಗೆ 450. ಮೇಸ್ತ್ರಿಯಿಂದ ಮುಂಗಡ ತಗೊಂಡದ್ದು ವಾರ ವಾರ ಮುರಿದುಕೊಳ್ಳುತ್ತಾನೆ. ‘ಈ ಸಲ ಬರುವಾಗ ನನಗ ಟಿಕೆಟ್ ರೊಕ್ಕ ಇಲ್ಲ, ಅದೊಂದು ಉಳೀತು’ ಎಂದರು. ಗೃಹಲಕ್ಷ್ಮಿ ದುಡ್ಡು ಖಾತೆಗೆ ಬಂದಿತ್ತು. ಎಲ್ಲ ಕೂಡಿಸಿದೆ. ಟ್ಯಾಬು ತೋರಿಸಿದ ಮೊತ್ತ ಆಡಿನ ಮನೆಯದ್ದಕ್ಕಿಂತ ಎಷ್ಟೋ ಜಾಸ್ತಿ. ನಾನು ಸುಮ್ಮನೆ ಅದನ್ನೇ ನೋಡುತ್ತಾ ಕೂತೆ. ಮೇದಕ್‌ನಲ್ಲಿ ಆದದ್ದು ಇದೇ ಅಲ್ವಾ? ಆಡು ಇದ್ದವರು ಆಡಿನ ಹತ್ತಿರ ಉಳಿದರು, ಇಲ್ಲದವರು ಕೂಲಿಗೆ ನಡೆದರು. ದುಡ್ಡು ಒಂದನ್ನೇ ಅಳೆದರೆ ಆಡು ಸೋತಿತ್ತು.

ಆದರೆ ಪ್ರಶ್ನೆಗಳು ಮುಗಿದಿರಲಿಲ್ಲ. ‘ಕಳೆದ 30 ದಿನದಲ್ಲಿ, ದುಡ್ಡಿಲ್ಲ ಅಂತ ಮನೆಯ ದೊಡ್ಡವರು ಯಾರಾದರೂ ಒಂದು ಹೊತ್ತಿನ ಊಟ ಬಿಟ್ಟದ್ದುಂಟಾ?’

‘ಇಲ್ರೀ.’ ಸ್ವಲ್ಪ ಹೊತ್ತು ಬಿಟ್ಟು, ‘ಬುಧವಾರ ನಾ ಉಣ್ಲಿಲ್ಲ. ಹಸಿವಿ ಇರಲಿಲ್ಲ.’

ಬುಧವಾರ ಏನು ಮಾಡಿದಿರಿ ಎಂದು ಕೇಳಿದೆ. ಬೆಳಗಿನಿಂದ ಸಂಜೆವರೆಗೆ ಬಾಂಡ್ಲಿಯಲ್ಲಿ ಜಲ್ಲಿ ಹೊತ್ತು ಮೂರನೇ ಮಹಡಿಗೆ ಏರಿಸಿದ್ದರು. ರಾತ್ರಿ ಹಿಟ್ಟು ಕಡಿಮೆ ಇತ್ತು. ಇದಕ್ಕೆ ‘ಹೌದು’ ಒತ್ತಬೇಕಾ ‘ಇಲ್ಲ’ ಒತ್ತಬೇಕಾ? ನಿಯಮದ ಪ್ರಕಾರ ಅವರು ಹೇಳಿದ್ದನ್ನೇ ಬರೆಯಬೇಕು, ನಾನು ಊಹಿಸಬಾರದು. ಅದು ಒಳ್ಳೆಯ ನಿಯಮ. ನಾನು ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನಕ್ಕೆ ಓದಿದೆ. ಅವರು ಒಲೆ ಕಡೆ ನೋಡಿಕೊಂಡು ‘ಹೂಂ, ಹಂಗಾರ ಬರಕೋರಿ’ ಎಂದರು.

ಮಗಳಿಗೆ ಒಂಬತ್ತು ವರ್ಷ. ಶೆಡ್ಡಿನ ಬಾಗಿಲಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮಗು ಶಾಲೆಗೆ ಸೇರಿದೆಯಾ? ಸೇರಿದೆ, ಊರಿನ ಶಾಲೆಯಲ್ಲಿ ಹೆಸರಿದೆ. ನಮ್ಮ ಫಾರಂ ಅಲ್ಲಿಗೇ ನಿಂತಿದ್ದರೆ ಇವಳು ಓದುವ ಹುಡುಗಿ. ಮುಂದಿನ ಪ್ರಶ್ನೆ ಇತ್ತು, ಪುಣ್ಯಕ್ಕೆ: ಕಳೆದ 30 ದಿನದಲ್ಲಿ ಎಷ್ಟು ದಿನ ಶಾಲೆಗೆ ಹೋಗಿದ್ದಾಳೆ? ಸೊನ್ನೆ. ಆಡಿನ ಮನೆಯ ಹುಡುಗ ಹೋಗಿದ್ದು 22 ದಿನ.

ಎರಡು ಮನೆ ನೋಡಿ ಆಡು ಗೆದ್ದಿತು ಅಂತಲೂ ನಾನು ಹೇಳಲಾರೆ. ಅದು ನೂರಾರು ಮನೆಗಳ ಲೆಕ್ಕ ಕೂಡಿದ ಮೇಲೆ ಹೇಳಬೇಕಾದ ಮಾತು. ಆ ಆಡುಗಳು ಉಪಯೋಗಕ್ಕೆ ಬಂದಿರಲಿ ಅಂತ ನನಗೆ ತುಂಬಾ ಆಸೆ ಇತ್ತು. ಅದಕ್ಕೇ ಜಾಸ್ತಿ ಹುಷಾರಾಗಿರಬೇಕು. ಬರದಲ್ಲಿ ಯಾರಿಗೆ ಏನು ಕೊಟ್ಟರೆ ಊರಲ್ಲಿ ಉಳಿಯಬಹುದು ಎಂದು ತಿಳಿಯಬೇಕಾದರೆ ಆಡು, ದುಡ್ಡು, ಬಸ್ಸು ಎಲ್ಲವನ್ನೂ ನೆಟ್ಟಗೆ ಅಳೆಯಬೇಕು. ಅಳೆಯುವವರು ಹೆಣ್ಣೂರಿನ ಶೆಡ್ಡಿನವರೆಗೂ ಬರಬೇಕು. ಮತ್ತು ಚೀಟಿಯಲ್ಲಿ ಹೆಸರು ಬರದೆಯೂ ಎರಡು ತಾಸು ಕೂತು ಉತ್ತರ ಕೊಟ್ಟವರಿಗೆ, ಯೋಜನೆ ಒಳ್ಳೆಯದು ಎಂದು ಗೊತ್ತಾದ ದಿನ ಮೊದಲು ಸಿಗಬೇಕು. ಇದನ್ನು ನಾನು ಆಮೇಲೆ ಆಫೀಸಿನಲ್ಲಿ ಹೇಳಿದೆ, ಈಗಲೂ ಹೇಳುತ್ತಿದ್ದೇನೆ.

ಟ್ಯಾಬು ಮುಚ್ಚುವಾಗ ಆ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು.

‘ಸೊನ್ನಿ ಅಂತ ಬರದೀರೇನು?’

‘ಹೂಂ ಅಕ್ಕ, 30 ದಿನದ್ದು ಕೇಳ್ತಾರೆ.’

‘ಶಾಲಿ ಬಿಟ್ಟಾಳ ಅಂತ ಬರೀಬ್ಯಾಡ್ರಿ. ಯುಗಾದಿಗೆ ಹೋಗ್ತೀವಿ. ಹೋದ ಮ್ಯಾಲ ಕುಂದರಸ್ತೀನಿ.’

ಫಾರಂ ಕೊನೆಯಲ್ಲಿ ‘ಇತರೆ’ ಎಂದು ಒಂದು ಖಾಲಿ ಜಾಗ ಇರುತ್ತದೆ. ಹೆಚ್ಚಿನವರು ಅದನ್ನು ಹಾಗೇ ಬಿಡುತ್ತಾರೆ. ನಾನು ಮತ್ತೆ ತೆರೆದು, ಅವರ ಮಾತನ್ನು ಅವರು ಹೇಳಿದ ಹಾಗೆಯೇ ಟೈಪ್ ಮಾಡಿ ಓದಿ ಹೇಳಿದೆ. ಹುಡುಗಿ ಹತ್ತಿರ ಬಂದು, ತಮ್ಮನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಸ್ಕ್ರೀನಿನ ಮೇಲಿನ ‘ಯುಗಾದಿ’ಯನ್ನು ಒಂದೊಂದೇ ಅಕ್ಷರವಾಗಿ ಓದಿದಳು.