ಕಾಬಾಳೆ ಗಿಡಕ್ಕೆ ಹುಳಿ ನೀರು ಕುಡಿಸಿದ ವರ್ಷ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರು, ಅಂದರೆ ತೋಟದ ಗುಮಾಸ್ತ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ನೀರನ್ನು ಏನು ಮಾಡುವುದು ಎಂಬ ಚಿಂತೆ ನನಗೆ ಮೊದಲೆಲ್ಲ ನವೆಂಬರಿನಲ್ಲಿ, ಅರೇಬಿಕಾ ಕೊಯ್ಲಿನ ಜೊತೆಗೇ ಶುರುವಾಗುತ್ತಿತ್ತು. ಅದು ಮಳೆಗಾಲ ಮುಗಿಯುವ ಮೊದಲೇ ಮಾಡಬೇಕಾದ ಚಿಂತೆ ಎಂದು ತಿಳಿಯಲು ಒಂದು ಸುಗ್ಗಿ ಹಾಳಾಯಿತು.

ಹಣ್ಣಿನ ಸಿಪ್ಪೆ ಬಿಡಿಸಿ ಬೀಜದ ಲೋಳೆ ತೊಳೆದ ನೀರಿನಲ್ಲಿ ಇರುವುದು ಹೆಚ್ಚಾಗಿ ಸಕ್ಕರೆ ಮತ್ತು ಪೆಕ್ಟಿನ್ ಎಂಬ ಅಂಟು. ಕೇಳಲು ಪಾಪದ ವಸ್ತುಗಳು. ಆದರೆ ನಿಂತ ನೀರು ಬೇಗ ಹುಳಿತು ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ (7 ಎಂದರೆ ಹದ, ಇಳಿದಷ್ಟೂ ಹುಳಿ ಹೆಚ್ಚು). ಊರಿನ ಚರಂಡಿ ನೀರಿನ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 200-300 ಮಿಲಿಗ್ರಾಂ ಇದ್ದರೆ ಇದರದು ಸಾವಿರಗಳ ಲೆಕ್ಕ. ಹಳ್ಳಕ್ಕೆ ಬಿಟ್ಟರೆ ಈ ಸಕ್ಕರೆಗೆ ಮುಗಿಬೀಳುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಅದೂ ಮಳೆ ನಿಂತು ಹಳ್ಳ ಬಡವಾಗಿರುವ ಹೊತ್ತಿನಲ್ಲಿ. ನಮ್ಮ ಹಳ್ಳ ಸೇರುವುದು ಹೇಮಾವತಿಗೆ, ಕೆಳಗೆ ಸಕಲೇಶಪುರವಿದೆ.

ಒಂದು ವಿದ್ಯಾರ್ಥಿನಿಲಯದ ಹಿಂದೆ ಸ್ನಾನದ ನೀರನ್ನು ಜಲ್ಲಿ ತುಂಬಿದ ಮಡಿಗೆ ಹಾಯಿಸಿ, ಕಾಬಾಳೆ ಬೆಳೆಸಿ ತಿಳಿಯಾಗಿಸಿದ್ದನ್ನು ನೋಡಿದ್ದೆ. ನಾನೂ ಎರಡಡಿ ಆಳದ ಮಡಿ ತೋಡಿಸಿ, ಕಾಬಾಳೆ ಮತ್ತು ಆಪು ಎಂಬ ಜೌಗಿನ ಹುಲ್ಲು ನೆಡಿಸಿ, ಪಲ್ಪರ್ ನೀರನ್ನು ನೇರವಾಗಿ ಅದಕ್ಕೇ ತಿರುಗಿಸಿದೆ. ಹತ್ತನೆಯ ದಿನಕ್ಕೆ ಎಲೆಗಳ ಅಂಚು ಕಂದಿತು. ಜಲ್ಲಿ ಕೆದಕಿದರೆ ಕಲ್ಲುಗಳ ನಡುವೆ ಗಂಜಿಯಂಥ ಬಿಳಿ ಲೋಳೆ. ನೀರು ಕೆಳಗಿಳಿಯದೆ ಮೇಲೇ ನಿಂತಿತ್ತು. ಪಲ್ಪರ್ ನೋಡಿಕೊಳ್ಳುವ ಹಿರಿಯರು ಒಂದು ಗಿಡ ಕಿತ್ತು ಕೊಳೆತ ಬೇರು ತೋರಿಸಿ, "ಹುಳಿ ಮಜ್ಜಿಗೆಯನ್ನು ಬುಡಕ್ಕೆ ಹೊಯ್ದರೆ ಯಾವ ಗಿಡ ಬದುಕುತ್ತದೆ ರೈಟರೇ?" ಎಂದರು.

ನೀರು ಶುದ್ಧ ಮಾಡುವುದು ಗಿಡವೇ ಎಂದು ನಾನು ನಂಬಿದ್ದೆ. ನಿಜದಲ್ಲಿ ಹೆಚ್ಚಿನ ದುಡಿಮೆ ಜಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳದು. ಬೇರು ಅವುಗಳಿಗೆ ಒಂದಿಷ್ಟು ಗಾಳಿ ಇಳಿಸುತ್ತದೆ, ನೆಲೆ ಕೊಡುತ್ತದೆ. ಹುಳಿ ನೀರಿಗೆ ಇಬ್ಬರೂ ತಾಳುವುದಿಲ್ಲ.

ಮರುವರ್ಷ ಸರದಿ ಬದಲಾಯಿತು. ತೊಳೆದ ನೀರನ್ನೇ ಮತ್ತೆ ಪಲ್ಪರಿಗೆ ತಿರುಗಿಸಿ ಮೊದಲು ನೀರಿನ ಪ್ರಮಾಣವನ್ನೇ ತಗ್ಗಿಸಿದೆವು. ಆಮೇಲೆ ಸಿಪ್ಪೆ ತಂಗುವ ತೊಟ್ಟಿ, ಅದರಾಚೆ ಸುಣ್ಣ. ಸುಣ್ಣವನ್ನು ಚೀಲದಿಂದ ನೇರವಾಗಿ ಸುರಿದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಡ್ರಮ್ಮಿನಲ್ಲಿ ಹಾಲಿನಂತೆ ಕದಡಿ ಸ್ವಲ್ಪಸ್ವಲ್ಪವೇ ಬಿಟ್ಟು, ಪಿಎಚ್ ಕಾಗದ 7ರ ಹಸಿರು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ನಂತರ ಗಾಳಿಯಾಡದ ಆಳದ ಹೊಂಡ. ಇದಕ್ಕೆ ಅಕ್ಟೋಬರಿನಲ್ಲೇ ಸಗಣಿ ಬಗ್ಗಡ ಹಾಕಿಡುತ್ತೇವೆ, ಹೆಪ್ಪು ಹಾಕಿದಂತೆ. ಇಲ್ಲಿ ಮೂರು ವಾರ ನಿಂತು ಗುಳ್ಳೆಯೇಳುವ ನೀರು ಆಮೇಲೆ ಆಳವಿಲ್ಲದ ಕೊಳಕ್ಕೆ, ಕೊಟ್ಟಕೊನೆಗೆ ಕಾಬಾಳೆ ಮಡಿಗೆ. ಹೊಸದಾಗಿ ನೆಟ್ಟ ಗಿಡಗಳು ಜನವರಿಯಲ್ಲಿ ಹೂ ಬಿಟ್ಟವು.

ನೀರಿಗೆ ಕಪ್ಪು ಚಹಾದ ಬಣ್ಣ ಇನ್ನೂ ಉಳಿದಿದೆ. ಅದನ್ನು ಹಳ್ಳಕ್ಕೆ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಬಿಒಡಿ 100ಕ್ಕಿಂತ ಕೆಳಗೆ ಬಂದರಷ್ಟೇ ಹುಲ್ಲಿನ ಪಟ್ಟಿಗೆ ಹಾಯಿಸುತ್ತೇವೆ. ಗಾಳಿ ಆಳುಗಳ ಲೈನ್ ಮನೆಗಳ ಕಡೆಗೆ ಬೀಸಿದ ದಿನ ಆಳದ ಹೊಂಡದ ವಾಸನೆಗೆ ಬೈಗುಳ ತಿನ್ನುವುದು ನಾನೇ, ಅದು ನ್ಯಾಯವೇ. ಏಪ್ರಿಲ್‌ನಲ್ಲಿ ಆ ಹೊಂಡದ ಹೂಳು ತೆಗೆಸಬೇಕು. ಒಳಗೆ ಉಸಿರುಗಟ್ಟಿಸುವ ಕೆಟ್ಟ ಗಾಳಿ ಇರುವುದರಿಂದ ಆಳುಗಳನ್ನು ಇಳಿಸುವಂತಿಲ್ಲ. ಹೂಳೆತ್ತುವ ಪಂಪಿಗೆ ದುಡ್ಡು ಕೊಡಿ ಎಂದು ಸಾಹುಕಾರರನ್ನು ಇನ್ನೂ ಕೇಳುತ್ತಲೇ ಇದ್ದೇನೆ.