ಅಂಚಿನಲ್ಲಿ ಬರೆದ ವಚನ

ಹಳೆಯ ವಿದ್ಯಾರ್ಥಿಗಳು ಏನಾದರೂ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದಾಗ ಹಾಸ್ಟೆಲ್ಲಿನ ತುಂಟಾಟಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಅದಕ್ಕಾಗಿ ಹಳೆಯ ಪೆಟ್ಟಿಗೆ ತೆಗೆದರೆ ಸಿಕ್ಕಿದ್ದು ಎರಡನೆಯ ವರ್ಷದ ಒಂದು ಉತ್ತರಪತ್ರಿಕೆ. 25ಕ್ಕೆ 11. ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘1 ಕೊರಿಂಥ 4:7’ ಎಂಬ ಬೈಬಲ್ ವಚನದ ಗುರುತು, ಮೇಷ್ಟ್ರ ಕೈಬರಹ. ಅಷ್ಟೇ, ಬೇರೆ ಒಂದಕ್ಷರವಿಲ್ಲ.

ದೈವಶಾಸ್ತ್ರ ಓದಲು ಬರುವಾಗಲೇ ನಾನು ಪಕ್ಷ ಕಟ್ಟಿಕೊಂಡು ಬಂದವನು. ಮನುಷ್ಯನಿಗೆ ತಾನೇ ಆರಿಸಿಕೊಳ್ಳಬಲ್ಲ ಸ್ವತಂತ್ರ ಚಿತ್ತ ಇಲ್ಲವೆಂದಾದರೆ ‘ಪಶ್ಚಾತ್ತಾಪಪಡಿರಿ’ ಎಂಬ ಕರೆಗೆ ಅರ್ಥವೇನು? ಕಾಲಿಲ್ಲದವನಿಗೆ ಓಡು ಎಂದಂತೆ ಆಗಲಿಲ್ಲವೇ? ಇದು ನನ್ನ ವಾದ. ನನ್ನ ಕೋಣೆಯ ಗೆಳೆಯನದು ತದ್ವಿರುದ್ಧ, ಎಲ್ಲವೂ ದೇವರ ಕೃಪೆಯೇ. ಪಾಪದಲ್ಲಿ ಸತ್ತವನು ತಾನಾಗಿ ಎದ್ದು ಬರುತ್ತಾನೇನೋ, ಸಮಾಧಿಯೊಳಗಿಂದ ಯೇಸು ಎಬ್ಬಿಸಿದ ಲಾಜರನ ಒಪ್ಪಿಗೆ ಕೇಳಿದ್ದರೇನೋ ಎಂದು ಕೆಣಕುತ್ತಿದ್ದ. ರಾತ್ರಿ ದೀಪ ಆರಿದ ಮೇಲೂ ಜಗಳ ಆರುತ್ತಿರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ 2:12 ನನ್ನ ಆಸ್ತಿ: ನಿಮ್ಮ ರಕ್ಷಣೆಯನ್ನು ನೀವೇ ಸಾಧಿಸಿಕೊಳ್ಳಿರಿ. ಮುಂದಿನ ವಚನ ಅವನ ಆಸ್ತಿ: ನಿಮ್ಮಲ್ಲಿ ಮನಸ್ಸನ್ನೂ ಪ್ರಯತ್ನವನ್ನೂ ಹುಟ್ಟಿಸುವವನು ದೇವರೇ. ಪತ್ರ ಬರೆದ ಪೌಲ ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ ಎಂಬುದು ನಮ್ಮಿಬ್ಬರಿಗೂ ಬೇಕಾಗಿರಲಿಲ್ಲ.

ಸಭಾಚರಿತ್ರೆ ಹೇಳುತ್ತಿದ್ದ ಮೇಷ್ಟ್ರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಸೋತವರ ಪರ ವಹಿಸಿ ಪಾಠ ಮಾಡುವುದು. ಪೆಲೇಜಿಯಸ್‌ನ ಪಾಠ ಮುಗಿಯುವ ಹೊತ್ತಿಗೆ ತರಗತಿಗೆ ತರಗತಿಯೇ ಪೆಲೇಜಿಯಸ್‌ನ ಶಿಷ್ಯಬಳಗವಾಗಿತ್ತು. ಬ್ರಿಟನ್ನಿನಿಂದ ರೋಮಿಗೆ ಬಂದ ಶಿಸ್ತಿನ ಮನುಷ್ಯ, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂದವನು. ಅಲ್ಲಿನ ಕ್ರೈಸ್ತರ ಸಡಿಲ ಬದುಕು ಕಂಡು ಕುದಿಯುತ್ತಿದ್ದವನು. ‘ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ, ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನನ ಪ್ರಾರ್ಥನೆಯನ್ನು ಒಬ್ಬ ಬಿಷಪರು ಉದ್ಧರಿಸಿದ್ದನ್ನು ಕೇಳಿ ಅವನಿಗೆ ತಡೆಯಲಾಗಲಿಲ್ಲ. ಕೊಡುವವನೂ ಅವನೇ ಆದರೆ ನಮ್ಮ ಕೆಲಸವೇನು? ನನ್ನ ಪ್ರಶ್ನೆಯೂ ಅದೇ ಆಗಿತ್ತಲ್ಲ! 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಅವನ ಬೋಧನೆಯನ್ನು ಖಂಡಿಸಿತು ಎಂದಾಗ ನನಗೆ ಸ್ವಂತದವರಿಗೆ ಅನ್ಯಾಯವಾದಷ್ಟು ಬೇಜಾರಾಯಿತು.

ಮರುದಿನ ಅಗಸ್ಟೀನ್. ಹಸಿವಿಲ್ಲದೆಯೂ ಪಕ್ಕದ ತೋಟದ ಹಣ್ಣು ಕದ್ದು ಹಂದಿಗಳಿಗೆ ಎಸೆದ ಹುಡುಗ, ಮುಂದೆ ದೊಡ್ಡವನಾದ ಮೇಲೂ ಕೇಳಿಕೊಂಡದ್ದು ಒಂದೇ: ಯಾಕೆ ಕದ್ದೆ? ಯಾರೂ ಕೈ ಹಿಡಿದು ಕದಿಸಲಿಲ್ಲ, ಬೇಕೆನಿಸಿತು, ಕದ್ದೆ. ಮೇಷ್ಟ್ರು ಅಲ್ಲಿ ನಿಂತರು. “ನಿನಗೆ ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ ನಿನಗಿದೆ. ಏನು ಬೇಕೆನ್ನಿಸಬೇಕು ಎಂಬುದು ನಿನ್ನ ಕೈಲಿದೆಯೇನಯ್ಯಾ?” ನನ್ನ ಕಡೆಗೇ ನೋಡಿ ಕೇಳಿದರು. ನನ್ನ ವಾದದ ಬುಡ ಅಲುಗಾಡಿದ್ದು ಅಂದು. ಚಿತ್ತ ಇಲ್ಲವೆಂದು ಅಗಸ್ಟೀನ್ ಹೇಳಲೇ ಇಲ್ಲ, ಅದು ಡೊಂಕಾಗಿದೆ ಎಂದ. ಡೊಂಕನ್ನು ಆ ಡೊಂಕೇ ನೆಟ್ಟಗೆ ಮಾಡಿಕೊಳ್ಳುವುದು ಹೇಗೆ?

529ರಲ್ಲಿ ಒರಾಂಜ್‌ನಲ್ಲಿ ಸೇರಿದ ಬಿಷಪರ ಸಭೆಯನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ಈಗ ನನಗನ್ನಿಸುತ್ತದೆ, ಇಡೀ ವಾರ ಅಲ್ಲೇ ಕೂರಬೇಕಿತ್ತು. ನಂಬಬೇಕು ಎಂಬ ಆಸೆಯ ಮೊದಲ ಚಿಗುರು ಕೂಡ ಕೃಪೆಯದೇ ಎಂದ ಆ ಸಭೆ, ದೇವರು ಕೆಲವರನ್ನು ಕೆಟ್ಟದ್ದಕ್ಕೆಂದೇ ನೇಮಿಸಿದ್ದಾನೆ ಎನ್ನುವವರನ್ನೂ ಅಷ್ಟೇ ಬಿರುಸಾಗಿ ತಳ್ಳಿಹಾಕಿತು.

ಆಮೇಲೆ ಬಂತು ಚರ್ಚಾಸ್ಪರ್ಧೆ. ಡಚ್ ವಿದ್ವಾಂಸ ಎರಾಸ್ಮಸ್ 1524ರಲ್ಲಿ ಸ್ವತಂತ್ರ ಚಿತ್ತದ ಪರ ಬರೆದ ಪುಸ್ತಕ, ಅದಕ್ಕೆ ಮರುವರ್ಷ ಸುಧಾರಕ ಮಾರ್ಟಿನ್ ಲೂಥರ್ ಕೊಟ್ಟ ಉತ್ತರ. ನಾನು ಎರಾಸ್ಮಸ್ ಆಗುವ ಹುಮ್ಮಸ್ಸಿನಲ್ಲಿದ್ದೆ. ಮೇಷ್ಟ್ರು ಬೇಕೆಂದೇ ನನ್ನನ್ನು ಲೂಥರ್ ಮಾಡಿದರು, ಗೆಳೆಯನನ್ನು ಎರಾಸ್ಮಸ್ ಮಾಡಿದರು. ಮನುಷ್ಯನ ಚಿತ್ತ ಸವಾರಿಯ ಪ್ರಾಣಿಯಿದ್ದಂತೆ, ದೇವರು ಏರಿದರೆ ದೇವರ ದಾರಿ, ಸೈತಾನ ಏರಿದರೆ ಅವನ ದಾರಿ, ಸವಾರನನ್ನು ಆರಿಸುವ ಹಕ್ಕು ಪ್ರಾಣಿಗಿಲ್ಲ ಎಂದು ನಾನು ಗುಡುಗಿದೆ. ಗೆಳೆಯ ಎರಾಸ್ಮಸ್‌ನ ಮಗುವನ್ನು ತಂದ. ಇನ್ನೂ ನಡೆಯಲು ಬಾರದ ಮಗು ಬಿದ್ದಿದೆ. ತಂದೆ ಎತ್ತಿ ನಿಲ್ಲಿಸಿ ದೂರದ ಸೇಬನ್ನು ತೋರಿಸುತ್ತಾನೆ, ಕೈ ಹಿಡಿದು ನಡೆಸುತ್ತಾನೆ, ಕೊನೆಗೆ ಹಣ್ಣನ್ನೂ ಅವನೇ ಕೈಗಿಡುತ್ತಾನೆ. ಎಲ್ಲ ತಂದೆಯದೇ, ಆದರೂ ಮಗು ನಡೆಯಲಿಲ್ಲ ಎನ್ನಲಾಗುತ್ತದೆಯೇ? ಹಿಂದಿನ ಬೆಂಚಿನಿಂದ ಯಾರೋ ಕೂಗಿದರು, “ಇದು ನಮ್ಮ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅಲ್ಲವಾ ಸರ್!” ತಾಯಿಯನ್ನು ತಬ್ಬಿಕೊಳ್ಳುವ ಕೋತಿಮರಿಯೋ, ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನಮರಿಯೋ ಎಂದು ಶ್ರೀವೈಷ್ಣವರಲ್ಲಿ ವಡಗಲೈ ತೆಂಗಲೈ ಆಗಿ ಕವಲೊಡೆದ ಪ್ರಶ್ನೆ. ಮೇಷ್ಟ್ರಿಗೆ ಖುಷಿಯಾಯಿತು. ನನಗೆ ಸಿಟ್ಟು ಬಂತು, ಚಪ್ಪಾಳೆ ಅವನಿಗೆ ಹೋಯಿತೆಂದು.

ಆದರೂ ಗೆದ್ದದ್ದು ನಾನೇ. ಗೆದ್ದವನಿಗೆ ತನ್ನ ವಾದದ ಮೇಲೆ ನಂಬಿಕೆ ಬರುವುದು ಎಷ್ಟು ಸುಲಭ! ಪರೀಕ್ಷೆಯಲ್ಲಿ ಕೃಪೆಯ ಪರ ಆರು ಪುಟ ಬರೆದೆ. ಎರಾಸ್ಮಸ್‌ನನ್ನು ಹೇಡಿ ಎಂದೆ, ತಾನು ದೇವರನ್ನು ಆರಿಸಿಕೊಂಡೆ ಎನ್ನುವವರನ್ನು ಗೇಲಿ ಮಾಡಿದೆ, ಈ ಸತ್ಯ ತಿಳಿದವರು ಬಹಳ ಕಡಿಮೆ ಎಂದು ಮುಗಿಸಿದೆ. ಅದಕ್ಕೇ ಆ 11.

ಮೇಷ್ಟ್ರ ಕೋಣೆಗೆ ಹೋಗಿ ಕೇಳಿದೆ, “ತಪ್ಪೆಲ್ಲಿದೆ ಸರ್?”

“ವಚನ ನೋಡಿದೆಯಾ?”

ನೋಡಿದ್ದೆ. ನಿನ್ನನ್ನು ಹೆಚ್ಚಿನವನನ್ನಾಗಿ ಮಾಡಿದವರು ಯಾರು, ದೇವರಿಂದ ಪಡೆಯದೇ ಇರುವಂಥದ್ದು ನಿನ್ನಲ್ಲಿ ಏನಿದೆ, ಪಡೆದವನಿಗೆ ಹೆಮ್ಮೆಯೇಕೆ ಎಂಬ ಪೌಲನ ಪ್ರಶ್ನೆಗಳು. ಅಗಸ್ಟೀನನ ಮನಸ್ಸು ತಿರುಗಿದ್ದು ಇದೇ ವಚನದಿಂದ ಎಂದರು ಮೇಷ್ಟ್ರು. ನಂಬಿಕೆಯಾದರೂ ನಮ್ಮದೇ ಎಂದು ಮೊದಲು ಬರೆದಿದ್ದವನು, ಮುಪ್ಪಿನಲ್ಲಿ ತನ್ನ ಪುಸ್ತಕಗಳನ್ನೆಲ್ಲ ತಿರುವಿ ಹಾಕುವಾಗ, ಸ್ವತಂತ್ರ ಚಿತ್ತದ ಪರ ಹೆಣಗಾಡಿದೆ, ಆದರೆ ದೇವರ ಕೃಪೆ ಗೆದ್ದಿತು ಎಂದು ಒಪ್ಪಿಕೊಂಡನಂತೆ. “ಅವನು ಸೋತು ಬರೆದ, ನೀನು ಗೆದ್ದು ಬರೆದಿದ್ದೀಯ” ಎಂದು ಕನ್ನಡಕ ಒರೆಸಿಕೊಂಡರು. ಅಂಕ ಕೊಡದಿರಲು ಏನೋ ನೆಪ ಎಂದು ಗೊಣಗಿಕೊಂಡು ಹೊರಬಂದೆ.

ಅವರು ನಕ್ಕು ಹೇಳುತ್ತಿದ್ದ ಇನ್ನೊಂದು ಕತೆ ಇದೆ. ಕ್ಯಾಥೊಲಿಕ್ ಸಂನ್ಯಾಸಿ ಪಂಥಗಳಾದ ಡೊಮಿನಿಕನ್ನರಿಗೂ ಜೆಸ್ವಿಟರಿಗೂ ಇದೇ ಕೃಪೆ, ಚಿತ್ತಗಳ ವಿಷಯದಲ್ಲಿ ಜಗಳ ಹತ್ತಿ, ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಐದನೆಯ ಪೌಲ್ ಪೋಪರು ಇಬ್ಬರನ್ನೂ ಮನೆಗೆ ಕಳಿಸಿದರು. ತೀರ್ಪನ್ನು ಸಕಾಲದಲ್ಲಿ ಕೊಡುತ್ತೇವೆ, ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಪಾಷಂಡಿ ಎನ್ನಬೇಡಿ. ಆ ಸಕಾಲ ಇನ್ನೂ ಬಂದಿಲ್ಲ.

ಸಭಾಪಾಲಕನಾಗಿ ಕೆಲವು ವರ್ಷಗಳಾದ ಮೇಲೆ ಒಬ್ಬ ತಾಯಿ ನನ್ನ ಮುಂದೆ ಕೂತು ಕೇಳಿದರು. ಮಗ ಹದಿಹರೆಯದಲ್ಲೇ ದೇವಾಲಯ ಬಿಟ್ಟವನು, ಹಾಗೆಯೇ ತೀರಿಕೊಂಡಿದ್ದ. “ಪಾಸ್ಟರೇ, ಅವನು ದೇವರನ್ನ ಬೇಡ ಅಂದನೋ, ದೇವರೇ ಅವನನ್ನ ಬೇಡ ಅಂದರೋ?” ಎರಡಕ್ಕೂ ನನ್ನ ಹತ್ತಿರ ಆರಾರು ಪುಟದ ಉತ್ತರವಿತ್ತು. ಮೊದಲನೆಯದನ್ನು ಹೇಳಿದರೆ ಹುಡುಗನನ್ನು ನಾನು ದೂಡಿದಂತೆ, ಎರಡನೆಯದನ್ನು ಹೇಳಿದರೆ ದೇವರನ್ನೇ. ಬಾಯಿ ಕಟ್ಟಿತು. ಪ್ರಾರ್ಥನೆ ಮಾಡೋಣ ಅಮ್ಮಾ ಎಂದೆ. ಕಣ್ಣು ಮುಚ್ಚಿದವನು ಬೇಡಿಕೊಂಡದ್ದು ಏನೆಂದರೆ, ಕೊನೆಯ ಗಳಿಗೆಯಲ್ಲಾದರೂ ನೀನು ಆ ಹುಡುಗನ ಮನಸ್ಸಿನೊಳಗೆ ಕೈಹಾಕಿರಬೇಕು ಸ್ವಾಮೀ ಎಂದು. ಸ್ವತಂತ್ರ ಚಿತ್ತದ ಹಳೆಯ ವಕೀಲನ ಬಾಯಲ್ಲಿ ಆ ಮಾತು. ಮುಂದಿನ ಭಾನುವಾರ ಪೀಠದ ಮೇಲೆ ನಿಂತು ‘ಇಂದೇ ತೀರ್ಮಾನಿಸಿರಿ’ ಎಂದವನೂ ನಾನೇ. ಸುಳ್ಳು ಎರಡರಲ್ಲೂ ಇರಲಿಲ್ಲ.

ಉತ್ತರಪತ್ರಿಕೆ ಸಿಕ್ಕಿದ ರಾತ್ರಿ ಗೆಳೆಯನಿಗೆ ಫೋನು ಮಾಡಿ ಆ ಆರು ಪುಟಗಳನ್ನೂ ಓದಿದೆ. ಹೇಡಿ ಎಂಬಲ್ಲಿ ಅವನು ಬಿದ್ದು ಬಿದ್ದು ನಕ್ಕ. ಚರ್ಚೆಯಾದ ಮೇಲೆ ಅವನೂ ಪಕ್ಷ ಬದಲಿಸಿ, ಪರೀಕ್ಷೆಯಲ್ಲಿ ಮನುಷ್ಯನ ಚಿತ್ತದ ಪರ ಬರೆದಿದ್ದನಂತೆ, ಲೂಥರನನ್ನು ಚೆನ್ನಾಗಿ ಬೈದು. ಇಷ್ಟು ವರ್ಷ ಈ ಸಂಗತಿಯನ್ನು ನನ್ನಿಂದ ಮುಚ್ಚಿಟ್ಟಿದ್ದ.

“ನಿನಗೆಷ್ಟು ಬಂದಿತ್ತು?” ಎಂದೆ.

“ಹನ್ನೆರಡು. ಅಂಚಿನಲ್ಲಿ ಅದೇ ವಚನ.”