ಹಳೇ ರ‍್ಯಾಲಿ ಸೈಕಲ್ಲಿಗೆ ಹೊಸ ಬಣ್ಣ ಯಾಕೆ ಹೊಡೆಸಲ್ಲ?

ಮೂಲೆಯಲ್ಲಿ ಧೂಳು ಹಿಡಿದಿದ್ದ, ಇಂಗ್ಲೆಂಡ್ ಮೂಲದ ಕಂಪನಿಯ ರ‍್ಯಾಲಿ ಸೈಕಲ್ಲನ್ನು ಸರಿಮಾಡಿ ನಿಲ್ಲಿಸಿದರೆ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇಷ್ಟೆಲ್ಲ ಮಾಡಿದ್ದೀರಿ, ಹಾಗೇ ಹೊಸ ಬಣ್ಣನೂ ಹೊಡೆಸಬಹುದಿತ್ತು ಅಲ್ವಾ?"

ಹೊಡೆಸಲ್ಲ. ಯಾಕಂದರೆ ಹಳೇ ಸೈಕಲ್ಲಿನಲ್ಲಿ ಮತ್ತೆ ಸಿಗದೇ ಇರೋದು ಮುಖ್ಯವಾಗಿ ಬಣ್ಣ. ಬೇರಿಂಗ್ ಬಾಲ್ಸ್, ಕಡ್ಡಿ, ಚೈನು ಎಲ್ಲ ಹೊಸದು ಹಾಕಬಹುದು. 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು ನಮ್ಮ ಸೈಕಲ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಆದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲೋ, ಬಂಗಾಳದ ಅಸನ್ಸೋಲ್‌ನ ಸೆನ್-ರ‍್ಯಾಲಿ ಕಾರ್ಖಾನೆಯಲ್ಲೋ ಬಳಿದ ಆ ಕಪ್ಪು ಎನಾಮಲ್, ಅದರ ಮೇಲೆಳೆದ ಬಂಗಾರದ ಬಣ್ಣದ ಸಣ್ಣ ಗೆರೆ, ಪೈಪಿನ ಮೇಲಿನ ಸ್ಟಿಕರ್, ಇವನ್ನು ಒಮ್ಮೆ ಕೆರೆದರೆ ಮುಗಿಯಿತು.

ಇವತ್ತು ಬಣ್ಣ ಅಂದರೆ ಹೆಚ್ಚಿನವರು ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಕೂರಿಸೋದು) ಕೊಡುತ್ತಾರೆ. ಮೊದಲು ಮರಳು ಸಿಡಿಸಿ ಹಳೇ ಬಣ್ಣ ತೆಗೆಯುತ್ತಾರೆ. ಆಮೇಲೆ ದಪ್ಪ ಪದರ ಕೂರುತ್ತದೆ. ಪೈಪುಗಳು ಸೇರುವ ಲಗ್‌ಗಳ ಚೂಪು ಅಂಚು ಮೊಂಡಾಗುತ್ತದೆ. ಫ್ರೇಮ್ ನಂಬರ್ ಮುಚ್ಚಿಹೋಗುತ್ತದೆ. ಎಚ್ಚರ ತಪ್ಪಿದರೆ ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ಕ್ರ್ಯಾಂಕಿನ ಅಚ್ಚು ತಿರುಗುವ ಜಾಗ) ಥ್ರೆಡ್ ಒಳಗೂ ಪೌಡರ್ ತುಂಬುತ್ತದೆ. ನಾಟಿಂಗ್‌ಹ್ಯಾಮ್ ರ‍್ಯಾಲಿಯ ಬಿ.ಬಿ.ಗೆ ಇಂಚಿಗೆ 26 ಥ್ರೆಡ್ ಇರುತ್ತದೆ. ಬೇರೆ ಬ್ರಿಟಿಷ್ ಸೈಕಲ್ಲುಗಳಿಗೆ ಸಾಮಾನ್ಯವಾಗಿ 24. ಥ್ರೆಡ್ ಹಾಳಾದರೆ ಅಂಗಡಿಯ ಕಪ್ (ಬಾಲ್ಸ್ ಕೂರುವ ಬಟ್ಟಲು) ತಂದು ಕೂರಿಸೋಕೆ ಆಗಲ್ಲ. ಅದಕ್ಕೇ ಹೇಳುತ್ತೇನೆ, ಹಳೇ ಕಪ್‌ಗಳನ್ನು ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ.

ಬಣ್ಣಕ್ಕೆ ಕೊಡುವ ದುಡ್ಡು, ಸಮಯ ಎರಡನ್ನೂ ಒಳಗಿನ ಕೆಲಸಕ್ಕೆ ಹಾಕಿ. ಸೈಕಲ್ ಓಡೋದು ಅಲ್ಲಿಂದ. ಚಕ್ರಗಳ ನಡುವಿನ ಎರಡು ಹಬ್ಬು, ಬಿ.ಬಿ., ಹ್ಯಾಂಡಲ್ ಕಪ್, ನಾಲ್ಕನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆಯಿರಿ. ಗ್ರೀಸು ಒಣಗಿ ಅರಗಿನಂತೆ ಗಟ್ಟಿಯಾಗಿರುತ್ತದೆ. ಬಾಲ್ಸ್ ಅಗ್ಗ, ಎಲ್ಲ ಹೊಸದೇ ಹಾಕಿ. ಬಿ.ಬಿ.ಗೂ ಹಿಂದಿನ ಹಬ್ಬಿಗೂ ಕಾಲಿಂಚಿನದು, ಮುಂದಿನ ಹಬ್ಬಿಗೆ 3/16.

ಕಷ್ಟ ಕೊಡೋದು ಕಾಟರ್ ಪಿನ್ನು. ಪೆಡಲ್ ಕ್ರ್ಯಾಂಕನ್ನು ಹಿಡಿದಿಡುವ ಆ ಸಣ್ಣ ಪಿನ್ನು ತುಕ್ಕು ಹಿಡಿದು ಕೂತಿರುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಪೈಪು ನೆಲಕ್ಕೆ ತಾಗುವಂತೆ ನಿಲ್ಲಿಸಿ, ಆಮೇಲೆ ನೇರವಾಗಿ ಒಂದು ಗಟ್ಟಿ ಏಟು. ಪೈಪಿನ ಆಸರೆ ಇಲ್ಲದೆ ಹೊಡೆದರೆ ಆ ಏಟು ಬಾಲ್ಸ್ ಮೇಲೆ ಬಿದ್ದು ಕಪ್‌ನಲ್ಲಿ ಗುಳಿ ಬೀಳುತ್ತದೆ. ಹೊಸ ಪಿನ್ ಹಾಕುವಾಗ ಎರಡೂ ಕಡೆಯ ಪಿನ್ನಿಗೂ ಒಂದೇ ಓರೆ ಬರುವಂತೆ ಅರ ಹಾಕಿ. ಇಲ್ಲದಿದ್ದರೆ ಎರಡು ಕ್ರ್ಯಾಂಕೂ ಒಂದೇ ಗೆರೆಗೆ ಬರಲ್ಲ.

ಬಣ್ಣಕ್ಕೆ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಸ್ಟಿಕರ್ ಮೇಲೆ ಒದ್ದೆ ಬಟ್ಟೆ ಮಾತ್ರ, ಉಜ್ಜಬೇಡಿ. ಒಣಗಿದ ಮೇಲೆ ಕಾರಿಗೆ ಹಚ್ಚುವ ವ್ಯಾಕ್ಸ್ ತೆಳ್ಳಗೆ ಹಚ್ಚಿ. ಆ ಕಪ್ಪು ಎಷ್ಟು ಆಳವಾಗಿ ಹೊಳೆಯುತ್ತೆ ಅಂದರೆ, ನೋಡಿದವರು ಹೊಸ ಬಣ್ಣ ಅಂತಲೇ ತಿಳಿಯುತ್ತಾರೆ! ಕ್ರೋಮ್ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಚೈನ್ ಚಕ್ರದಲ್ಲಿ ಕೊರೆದ, ಕಂಪನಿಯ ಗುರುತಾದ ಬಕಪಕ್ಷಿ ತಲೆಗಳ ಸಂದಿಯಲ್ಲಿ ಹಳೇ ಟೂತ್ ಬ್ರಷ್ ಹಾಕಿ. ನನಗೆ ತುಂಬಾ ಇಷ್ಟದ ಕೆಲಸ ಇದು.

ಹಾಗಂತ ಹೊಸ ಬಣ್ಣ ಯಾವತ್ತೂ ಬೇಡ ಅನ್ನಲ್ಲ. ತುಕ್ಕು ಪೈಪನ್ನೇ ತಿಂದಿದ್ದರೆ, ಬಿರುಕಿಗೆ ಬೆಸುಗೆ ಹಾಕಿಸಬೇಕಾದರೆ ಅಲ್ಲಿ ಬಣ್ಣ ಬೇಕೇ ಬೇಕು. ಮನೆಯ ಕಿಟಕಿಗೆ ತಂದ ಹಸಿರು ಪೇಂಟನ್ನೇ ಯಾರೋ ಬ್ರಷ್‌ನಲ್ಲಿ ಬಳಿದಿರುವ ಸೈಕಲ್ಲುಗಳೂ ಇರುತ್ತವೆ. ಅಂಥದ್ದು ಸಿಕ್ಕರೆ ತಕ್ಷಣ ಕೆರೆಯಬೇಡಿ. ಅಡಿಯಲ್ಲಿ ಮೂಲ ಕಪ್ಪು ಉಳಿದಿರಬಹುದು. ಬಿ.ಬಿ. ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ, ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಮೆಲ್ಲಗೆ ಒರೆಸಿ ನೋಡಿ. ಹಸಿರು ಮಾತ್ರ ಬಂದರೆ ಮುಂದುವರಿಸಿ. ಬಟ್ಟೆಗೆ ಕಪ್ಪು ಹತ್ತಿದರೆ ಅಲ್ಲೇ ನಿಲ್ಲಿಸಿ.